ತಂದೆಯವರ ನಾಡಿ 38ಕ್ಕೆ ಇಳಿದಿದೆ, ಪೇಸ್‌ಮೇಕರ್ ಹಾಕಿಸಲೇಬೇಕೇ?

ಪ್ರಶ್ನೆ: ನಮ್ಮದು ಅಂಕೋಲಾ ತಾಲ್ಲೂಕಿನ ಕರಾವಳಿಯ ಒಂದು ಹಳ್ಳಿ. ತಂದೆಯವರಿಗೆ 73 ವರ್ಷ. ಸ್ವಲ್ಪ ಗದ್ದೆ, ತೆಂಗಿನ ತೋಟ ನೋಡಿಕೊಳ್ಳುತ್ತಾರೆ, ನಾಡದೋಣಿಯಲ್ಲಿ ಮೀನಿಗೂ ಹೋಗುತ್ತಾರೆ. ಎರಡು ತಿಂಗಳಿಂದ ನಾಲ್ಕು ಹೆಜ್ಜೆ ನಡೆದರೆ ಸುಸ್ತು. ಮೊನ್ನೆ ಅಂಗಳದಲ್ಲಿ ಕಣ್ಣು ಕತ್ತಲೆ ಬಂದು ಬಿದ್ದರು, ಅರ್ಧ ನಿಮಿಷದಲ್ಲಿ ತಾವಾಗಿಯೇ ಎದ್ದರು. ಕಾರವಾರದಲ್ಲಿ ಇಸಿಜಿ ಮಾಡಿ, ನಾಡಿ 38 ಇದೆ, ಕಂಪ್ಲೀಟ್ ಹಾರ್ಟ್ ಬ್ಲಾಕ್ ಎಂದರು. ಬಿಪಿಗೆ ತೆಗೆದುಕೊಳ್ಳುತ್ತಿದ್ದ ಅಟೆನೊಲಾಲ್ ನಿಲ್ಲಿಸಿ, ದೊಡ್ಡ ಆಸ್ಪತ್ರೆಯಲ್ಲಿ ಐದು ದಿನ ಇರಿಸಿಕೊಂಡು ನೋಡಿದರೂ ನಾಡಿ ಏರಲಿಲ್ಲ. ಆಂಜಿಯೋಗ್ರಾಂ ಚೆನ್ನಾಗಿದೆ. ಡ್ಯುಯಲ್ ಚೇಂಬರ್ ಪೇಸ್‌ಮೇಕರ್ ಹಾಕಬೇಕೆಂದಿದ್ದಾರೆ. ಮನೆಯಲ್ಲಿ ಮಾತಾಡಿಕೊಂಡು ಬರುತ್ತೇವೆಂದು ಹೇಳಿ ಬಂದಿದ್ದೇವೆ. ಅಪ್ಪ ಮಾತ್ರೆಯಲ್ಲೇ ನೋಡೋಣ, ಮಳೆಗಾಲ ಕಳೆಯಲಿ ಎನ್ನುತ್ತಾರೆ. ಆಂಜಿಯೋಗ್ರಾಂ ಸರಿ ಇದ್ದ ಮೇಲೂ ಯಂತ್ರ ಏಕೆ? ತಂತಿಯೇ ಇಲ್ಲದ ಪೇಸ್‌ಮೇಕರ್ ಬಂದಿದೆಯಂತೆ, ಅದು ಇನ್ನೂ ಒಳ್ಳೆಯದೇ? ಹಾಕಿಸಿದ ಮೇಲೆ ದೋಣಿ, ಪಂಪ್‌ಸೆಟ್, ಮೊಬೈಲ್ ಎಲ್ಲ ಬಿಡಬೇಕೇ?

ಉತ್ತರ: ತುರ್ತಿನ ಮಾತನ್ನು ಮೊದಲು ಹೇಳಿಬಿಡುತ್ತೇನೆ. ಪೂರ್ಣ ಹಾರ್ಟ್ ಬ್ಲಾಕ್ ಇದ್ದು, ಒಮ್ಮೆ ಪ್ರಜ್ಞೆ ತಪ್ಪಿ ಬಿದ್ದು, ನಾಡಿಯನ್ನು ಇಳಿಸುವ ಔಷಧವನ್ನು ನಿಲ್ಲಿಸಿದ ಮೇಲೂ ಚೇತರಿಕೆ ಕಾಣದವರಿಗೆ ಪೇಸ್‌ಮೇಕರ್ ಬೇಕೇ ಬೇಡವೇ ಎಂಬ ವಿಷಯದಲ್ಲಿ ಹೃದ್ರೋಗ ತಜ್ಞರಲ್ಲಿ ಎರಡು ಅಭಿಪ್ರಾಯಗಳಿಲ್ಲ. ಮಳೆಗಾಲ ಕಳೆಯುವವರೆಗೆ ಕಾಯುವುದಂತೂ ಕೂಡದು. ಮರಳಿ ಆಸ್ಪತ್ರೆಗೆ ಹೋಗುವ ನಿರ್ಧಾರ ದಿನಗಳ ಮಾತಾಗಬೇಕೇ ಹೊರತು ತಿಂಗಳುಗಳ ಮಾತಾಗಬಾರದು. 2024ರ ಜುಲೈಯಲ್ಲಿ ಶಿರೂರಿನ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿಹೋದದ್ದನ್ನು ನಿಮ್ಮ ತಾಲ್ಲೂಕಿನವರಿಗೆ ನಾನು ನೆನಪಿಸಬೇಕಾಗಿಲ್ಲ. ಗೋವಾ, ಮಣಿಪಾಲ, ಹುಬ್ಬಳ್ಳಿ, ಬೆಳಗಾವಿ, ಯಾವ ಕಡೆಗೆ ಹೊರಟರೂ ಗಂಟೆಗಟ್ಟಲೆ ದಾರಿ ಇರುವ ನಮ್ಮ ಜಿಲ್ಲೆಯಲ್ಲಿ, ಮುಂದಿನ ಬಾರಿ ಬಿದ್ದಾಗ ನೋಡೋಣ ಎಂಬ ಲೆಕ್ಕಾಚಾರ ಅಪಾಯಕಾರಿ. ಅಲ್ಲಿಯವರೆಗೆ ಅವರು ಒಬ್ಬರೇ ಬಾವಿಕಟ್ಟೆಗೆ, ದೋಣಿಗೆ ಹೋಗದಿರಲಿ, ಬೈಕ್ ಓಡಿಸದಿರಲಿ. ಹೊರಡುವಾಗಲೂ ಸ್ವಂತ ಕಾರಿಗಿಂತ, ಮಾನಿಟರ್ ಮತ್ತು ಎದೆಯ ಮೇಲಿನಿಂದಲೇ ಬಡಿತ ಕೊಡಬಲ್ಲ ಡಿಫಿಬ್ರಿಲೇಟರ್ ಇರುವ ಆಂಬುಲೆನ್ಸ್ ಸಿಕ್ಕರೆ ಮೇಲು.

ಈಗ ಆಂಜಿಯೋಗ್ರಾಂ ವಿಷಯ. ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ನಾಳಗಳು ಕಟ್ಟಿಕೊಳ್ಳುವುದು ಒಂದು ಕಾಯಿಲೆ. ಆ ಸ್ನಾಯುವಿಗೆ ಬಡಿಯುವ ಆದೇಶವನ್ನು ಮುಟ್ಟಿಸುವ ವಿದ್ಯುತ್ ಮಾರ್ಗ ಕಡಿದುಹೋಗುವುದು ಬೇರೆಯೇ ಕಾಯಿಲೆ. ಆಂಜಿಯೋಗ್ರಾಂ ಮೊದಲನೆಯದನ್ನು ಮಾತ್ರ ತೋರಿಸುತ್ತದೆ. ಮೇಲಿನ ಬಲಕೋಣೆಯಲ್ಲಿರುವ ಸೈನಸ್ ನೋಡ್ ಎಂಬ ಪುಟ್ಟ ಜೀವಕೋಶಗಳ ಗುಂಪು ನಿಮಿಷಕ್ಕೆ 60ರಿಂದ 100 ಬಾರಿ ವಿದ್ಯುತ್ ಸಂಕೇತ ಹೊರಡಿಸುತ್ತದೆ; ಅದು ಮೇಲಿನ ಕೋಣೆಗಳಾದ ಹೃತ್ಕರ್ಣಗಳನ್ನು ದಾಟಿ, ಎವಿ ನೋಡ್ ಎಂಬ ಇನ್ನೊಂದು ಠಾಣೆಯಲ್ಲಿ ಕ್ಷಣ ತಡೆದು, ಹಿಸ್ ಬಂಡಲ್ ಎಂಬ ತೆಳು ನಾರಿನ ಮೂಲಕ ಕೆಳಗಿನ ಹೃತ್ಕುಕ್ಷಿಗಳಿಗೆ ಹರಡುತ್ತದೆ. ಎವಿ ನೋಡ್ ಅನ್ನು ಜಪಾನಿನ ಸುನಾವೊ ತವಾರ 1906ರಲ್ಲಿ, ಸೈನಸ್ ನೋಡ್ ಅನ್ನು ಬ್ರಿಟನ್ನಿನ ಕೀತ್ ಮತ್ತು ಫ್ಲ್ಯಾಕ್ 1907ರಲ್ಲಿ ವಿವರಿಸಿದರು. ವಯಸ್ಸಾದಂತೆ ಹಿಸ್ ಬಂಡಲ್‌ನ ನಾರು ಗಡುಸಾಗಿ, ಸವೆದು, ಕೊನೆಗೆ ಸಂಕೇತವನ್ನೇ ದಾಟಿಸದ ಸ್ಥಿತಿಗೆ ಬರಬಹುದು. ನಿಮ್ಮ ತಂದೆಯವರಲ್ಲಿ ಆಗಿರುವುದು ಬಹುಶಃ ಇದೇ. ರಕ್ತನಾಳಗಳು ಎಷ್ಟೇ ಸ್ವಚ್ಛವಾಗಿದ್ದರೂ ಇದು ಆಗಬಲ್ಲದು; ಆಂಜಿಯೋಗ್ರಾಂ ಸರಿ ಇರುವುದು ಸಂತೋಷದ ಸಂಗತಿ, ಆದರೆ ಈ ಪ್ರಶ್ನೆಗೆ ಅದು ಉತ್ತರವಲ್ಲ.

ಅವರ ಇಸಿಜಿಯನ್ನು ನೀವೇ ಒಮ್ಮೆ ಬೆಳಕಿಗೆ ಹಿಡಿದು ನೋಡಿ. ಕಾಗದದ ಮೇಲಿನ ಒಂದು ದೊಡ್ಡ ಚೌಕ ಎಂದರೆ 0.2 ಸೆಕೆಂಡು, ಎರಡು ಬಡಿತಗಳ ನಡುವೆ ಎಷ್ಟು ದೊಡ್ಡ ಚೌಕಗಳಿವೆ ಎಂದು ಎಣಿಸಿ, 300ನ್ನು ಆ ಸಂಖ್ಯೆಯಿಂದ ಭಾಗಿಸಿದರೆ ನಿಮಿಷದ ಬಡಿತ ಸಿಗುತ್ತದೆ. ಎತ್ತರದ ಮೊನಚಾದ ಅಲೆಗಳು ಸುಮಾರು ಎಂಟು ಚೌಕಕ್ಕೊಮ್ಮೆ ಬಂದಿರುತ್ತವೆ, ಅಂದರೆ 38ರ ಆಸುಪಾಸು, ಅವು ಹೃತ್ಕುಕ್ಷಿಯವು. ಅವುಗಳ ನಡುನಡುವೆ ಸಣ್ಣ ದಿಬ್ಬಗಳಂಥ, ಮೇಲಿನ ಕೋಣೆಯ ಪಿ ಅಲೆಗಳು ಮೂರು, ಮೂರೂವರೆ ಚೌಕಕ್ಕೊಮ್ಮೆ ತಮ್ಮ ಪಾಡಿಗೆ ತಾವು ಬರುತ್ತಿರುತ್ತವೆ. ಕೆಲವು ದೊಡ್ಡ ಅಲೆಯ ಮೊದಲು, ಕೆಲವು ಅದರ ಬೆನ್ನ ಮೇಲೆ, ಕೆಲವು ಅದರೊಳಗೇ ಹುದುಗಿ. ಮೇಲಿನ ಕೋಣೆಗೂ ಕೆಳಗಿನ ಕೋಣೆಗೂ ಮಾತುಕತೆ ನಿಂತುಹೋಗಿದೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಪರೀಕ್ಷೆ ಇನ್ನೊಂದಿಲ್ಲ. ಮೇಲಿನ ಆದೇಶ ಬರದಾಗ ಕೆಳಗಿನ ಭಾಗವೇ ತನ್ನದೊಂದು ನಿಧಾನಗತಿಯ ಬಡಿತವನ್ನು ಹುಟ್ಟಿಸಿಕೊಳ್ಳುತ್ತದೆ. ತಂದೆಯವರು ಈಗ ಬದುಕಿರುವುದು ಆ ಬದಲಿ ಬಡಿತದ ಆಸರೆಯಿಂದ. ದೊಡ್ಡ ಅಲೆಗಳ ಅಗಲ ಕಿರಿದಾಗಿದ್ದರೆ ಬದಲಿ ಬಡಿತ ಹಿಸ್ ಬಂಡಲ್‌ನ ಹತ್ತಿರದಿಂದ ಹುಟ್ಟುತ್ತಿದೆ ಎಂದೂ, ಸ್ವಲ್ಪ ನೆಚ್ಚಬಹುದೆಂದೂ ಅರ್ಥ. ಅಗಲವಾಗಿದ್ದರೆ ಅದು ಕೆಳಗಿನಿಂದ ಹುಟ್ಟುವ ಬಡಿತ, ಯಾವ ಗಳಿಗೆಯಲ್ಲಾದರೂ ಕೆಲವು ಸೆಕೆಂಡು ಕೈಕೊಡಬಹುದು. ಅಂಗಳದಲ್ಲಿ ಆದದ್ದು ಬಹುತೇಕ ಹಾಗೆಯೇ. ಪೇಸ್‌ಮೇಕರ್ ಬರುವ ಮೊದಲಿನ ಕಾಲದಲ್ಲಿ, ಹೀಗೆ ಪ್ರಜ್ಞೆ ತಪ್ಪಿ ಬೀಳುತ್ತಿದ್ದ ಪೂರ್ಣ ಬ್ಲಾಕ್‌ನ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಜನ ಒಂದು ವರ್ಷದೊಳಗೆ ತೀರಿಕೊಳ್ಳುತ್ತಿದ್ದರು.

ಮಾತ್ರೆಯಲ್ಲಿ ಆಗದೇ ಎಂಬ ಪ್ರಶ್ನೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ, ಏಕೆಂದರೆ ಮಾತ್ರೆಯಿಂದಲೇ ಬಂದು, ಮಾತ್ರೆ ಬಿಟ್ಟರೆ ಹೋಗುವ ಬ್ಲಾಕ್‌ಗಳೂ ಇವೆ. ಅಟೆನೊಲಾಲ್, ಮೆಟೊಪ್ರೊಲಾಲ್, ಡಿಲ್ಟಿಯಾಜೆಮ್, ವೆರಪಮಿಲ್, ಡಿಗಾಕ್ಸಿನ್ ಇವೆಲ್ಲ ಎವಿ ನೋಡ್‌ನ ಚುರುಕನ್ನು ತಗ್ಗಿಸುತ್ತವೆ. ಅಟೆನೊಲಾಲ್ ಮೂತ್ರಪಿಂಡದ ಮೂಲಕ ಹೊರಹೋಗುವ ಔಷಧವಾದ್ದರಿಂದ, ರಕ್ತದಲ್ಲಿ ಕ್ರಿಯಾಟಿನಿನ್ ಏರಿರುವ, ಅಂದರೆ ಮೂತ್ರಪಿಂಡ ಸೋತಿರುವ ಹಿರಿಯರಲ್ಲಿ ದಿನಗಟ್ಟಲೆ ಉಳಿದುಕೊಳ್ಳುತ್ತದೆ. ಗ್ಲಕೋಮಾಕ್ಕೆ ಕಣ್ಣಿಗೆ ಬಿಡುವ ಟಿಮೊಲಾಲ್ ಹನಿಯೂ ನಾಡಿಯನ್ನು ಇಳಿಸಬಲ್ಲದು. ಅದನ್ನು ಔಷಧವೆಂದೇ ಲೆಕ್ಕಕ್ಕೆ ಹಿಡಿಯದೆ ವೈದ್ಯರ ಮುಂದೆ ಹೇಳದಿರುವವರು ಬಹಳ. ಥೈರಾಯ್ಡ್ ಕೊರತೆ, ಇತ್ತೀಚಿನ ಹೃದಯಾಘಾತ, ಡೆಂಗಿಯಂಥ ಜ್ವರಗಳು, ರಕ್ತದಲ್ಲಿ ಪೊಟ್ಯಾಸಿಯಂ ಏರುವುದು ಇವೂ ಕಾರಣಗಳ ಪಟ್ಟಿಯಲ್ಲಿವೆ. ಕರಾವಳಿಯವರಿಗೆ ಇಲ್ಲಿ ಒಂದು ಕಿವಿಮಾತು: ಎಳನೀರಿನಲ್ಲಿ ಪೊಟ್ಯಾಸಿಯಂ ಹೇರಳ, ಮೂತ್ರಪಿಂಡ ಸೋತವರು, ಅದರಲ್ಲೂ ಪೊಟ್ಯಾಸಿಯಂ ಏರಿಸಬಲ್ಲ ರಾಮಿಪ್ರಿಲ್ ಅಥವಾ ಸ್ಪೈರೊನೊಲ್ಯಾಕ್ಟೋನ್ ಮಾತ್ರೆ ತೆಗೆದುಕೊಳ್ಳುವವರು, ಸುಸ್ತಿಗೆ ಒಳ್ಳೆಯದೆಂದು ದಿನಾ ಮೂರು ನಾಲ್ಕು ಎಳನೀರು ಕುಡಿದರೆ ನಾಡಿ ಅಪಾಯದ ಮಟ್ಟಕ್ಕೆ ಕುಸಿಯಬಹುದು. ನಿಮ್ಮ ತಂದೆಯವರ ಕ್ರಿಯಾಟಿನಿನ್, ಪೊಟ್ಯಾಸಿಯಂ, ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ) ವರದಿಗಳು ಸರಿಯಿವೆಯೇ ನೋಡಿಕೊಳ್ಳಿ. ಐದು ದಿನ ಕಾದು ನೋಡಿದ ವೈದ್ಯರು ಸರಿಯಾದ ಕ್ರಮವನ್ನೇ ಅನುಸರಿಸಿದ್ದಾರೆ. ಔಷಧದಿಂದಲೇ ಬ್ಲಾಕ್ ಬಂತೆಂದು ತೋರಿದವರಲ್ಲೂ ಅನೇಕರಲ್ಲಿ ಅದು ಮತ್ತೆ ಮರಳುತ್ತದೆ ಎಂಬುದನ್ನು ಅಧ್ಯಯನಗಳು ತೋರಿಸಿವೆ. ಔಷಧ ಅಲ್ಲಿ ಒಳಗಿದ್ದ ದೌರ್ಬಲ್ಯವನ್ನು ಬಯಲಿಗೆಳೆದಿರುತ್ತದೆ ಅಷ್ಟೇ. ಇನ್ನು ನಾಡಿಯನ್ನು ಏರಿಸುವ ಚುಚ್ಚುಮದ್ದು, ಮಾತ್ರೆಗಳು ಆಸ್ಪತ್ರೆ ಮುಟ್ಟುವವರೆಗಿನ ತಾತ್ಕಾಲಿಕ ಏರ್ಪಾಡು. ಕಡಿದುಹೋದ ನಾರನ್ನು ಬೆಸೆಯುವ ಮಾತ್ರೆ ಇಲ್ಲ.

ಇದೇ ಉಸಿರಿನಲ್ಲಿ ಇನ್ನೊಂದನ್ನೂ ಹೇಳಬೇಕು, ಇಲ್ಲದಿದ್ದರೆ ಇದನ್ನು ಓದಿದ ಬೇರೆಯವರು ತಮ್ಮ ನಾಡಿ ಎಣಿಸಿ ಗಾಬರಿಯಾಗಬಹುದು. ನಾಡಿ ಕಡಿಮೆ ಇದ್ದ ಮಾತ್ರಕ್ಕೆ ಪೇಸ್‌ಮೇಕರ್ ಬೇಕಿಲ್ಲ. ವರ್ಷಗಟ್ಟಲೆ ಬಲೆ ಎಳೆದು, ಘಟ್ಟ ಹತ್ತಿ ಮೈ ಪಳಗಿಸಿಕೊಂಡವರ ನಾಡಿ ವಿಶ್ರಾಂತಿಯಲ್ಲಿ 48, ನಿದ್ದೆಯಲ್ಲಿ 40 ಇರಬಹುದು. ಪ್ರತಿ ದೊಡ್ಡ ಅಲೆಯ ಮುಂದೆ ಒಂದು ಪಿ ಅಲೆ ತಪ್ಪದೆ ಇದ್ದು, ಓಡಿದಾಗ ನಾಡಿ ಏರುತ್ತಿದ್ದರೆ, ಸುಸ್ತು ಬವಳಿಕೆ ಇಲ್ಲದಿದ್ದರೆ ಅದು ಕಾಯಿಲೆಯಲ್ಲ. 2018ರ ಅಮೆರಿಕದ ಹೃದ್ರೋಗ ಸಂಘಟನೆಗಳ ಮಾರ್ಗಸೂಚಿ ಇದನ್ನು ಬಿಡಿಸಿ ಹೇಳುತ್ತದೆ: ತೊಂದರೆ ಸೈನಸ್ ನೋಡ್‌ನಲ್ಲಿದ್ದರೆ, ಇಷ್ಟಕ್ಕಿಂತ ಕೆಳಗಿಳಿದರೆ ಯಂತ್ರ ಹಾಕಬೇಕೆಂಬ ಗೆರೆ ಇಲ್ಲ, ರೋಗಿಯ ಬವಳಿಕೆಗೂ ನಿಧಾನ ನಾಡಿಗೂ ನೇರ ಸಂಬಂಧ ಸಿಗಬೇಕು; ಆದರೆ ಸರಿಪಡಿಸಬಹುದಾದ ಕಾರಣವಿಲ್ಲದ ಪೂರ್ಣ ಎವಿ ಬ್ಲಾಕ್, ಅಂದರೆ ತಂದೆಯವರಿಗಿರುವಂಥ ಪೂರ್ಣ ಹಾರ್ಟ್ ಬ್ಲಾಕ್, ಇದ್ದರೆ ತೊಂದರೆ ಕಾಣದಿದ್ದರೂ ಹಾಕಬೇಕು. ಆದ್ದರಿಂದ ತಂದೆಯವರ ವಿಷಯದಲ್ಲಿ ತೀರ್ಮಾನ ನಿಂತಿರುವುದು 38 ಎಂಬ ಸಂಖ್ಯೆಯ ಮೇಲಲ್ಲ, ಮಾರ್ಗ ಎಲ್ಲಿ ಕಡಿದಿದೆ ಎಂಬುದರ ಮೇಲೆ.

ಯಂತ್ರದ ಬಗ್ಗೆ ಭಯ ಸಹಜ, ಆದರೆ ಇದು ಹೊಸದೇನಲ್ಲ. 1958ರ ಅಕ್ಟೋಬರ್ 8ರಂದು ಸ್ವೀಡನ್ನಿನಲ್ಲಿ ಓಕೆ ಸೆನ್ನಿಂಗ್ ಎಂಬ ಶಸ್ತ್ರವೈದ್ಯರು, ರೂನೆ ಎಲ್ಮ್‌ಕ್ವಿಸ್ಟ್ ಎಂಬ ಎಂಜಿನಿಯರ್ ತಯಾರಿಸಿದ ಪೇಸ್‌ಮೇಕರ್ ಅನ್ನು ಆರ್ನೆ ಲಾರ್ಸನ್ ಎಂಬ ರೋಗಿಯ ದೇಹದೊಳಗೆ ಇಟ್ಟರು; ಜಗತ್ತಿನಲ್ಲಿ ಅದೇ ಮೊದಲು. ಆ ಯಂತ್ರ ಕೆಲವೇ ಗಂಟೆ ಕೆಲಸ ಮಾಡಿತು. ಆದರೆ ಇಪ್ಪತ್ತಕ್ಕೂ ಹೆಚ್ಚು ಪೇಸ್‌ಮೇಕರ್‌ಗಳನ್ನು ಬದಲಿಸಿಕೊಂಡು ಲಾರ್ಸನ್ 2001ರವರೆಗೆ, 86ರ ವಯಸ್ಸಿನವರೆಗೆ ಬದುಕಿದರು, ತಮಗೆ ಯಂತ್ರ ಕೊಟ್ಟ ಇಬ್ಬರೂ ತೀರಿಕೊಂಡ ಮೇಲೂ. ವಿಲ್ಸನ್ ಗ್ರೇಟ್‌ಬ್ಯಾಚ್ ಅವರ ಪ್ರಯತ್ನದಿಂದ 1970ರ ದಶಕದಲ್ಲಿ ಲಿಥಿಯಂ ಅಯೋಡಿನ್ ಬ್ಯಾಟರಿ ಬಂದ ಮೇಲೆ ಒಂದು ಯಂತ್ರ ವರ್ಷಾನುಗಟ್ಟಲೆ ಬಾಳತೊಡಗಿತು. ಈಗಿನವು ಎಂಟರಿಂದ ಹನ್ನೆರಡು ವರ್ಷ ಬರುತ್ತವೆ, ತೂಕ ಮೂವತ್ತು ಗ್ರಾಂ ಒಳಗೆ.

ಸಿಂಗಲ್ ಚೇಂಬರ್, ಡ್ಯುಯಲ್ ಚೇಂಬರ್ ಎಂಬ ಆಯ್ಕೆಯಲ್ಲಿ ಮನೆಯವರು ಹೆಚ್ಚು ತಲೆ ಕೆಡಿಸಿಕೊಳ್ಳುತ್ತಾರೆ. ಒಂದು ತಂತಿಯದು ಹೃತ್ಕುಕ್ಷಿಗೆ ಮಾತ್ರ ಬಡಿತ ಕೊಡುತ್ತದೆ. ಎರಡು ತಂತಿಯದು ಮೇಲಿನ ಕೋಣೆಯ ಬಡಿತವನ್ನು ಆಲಿಸಿ, ಅದಕ್ಕೆ ಹೊಂದಿಸಿ ಕೆಳಗಿನದನ್ನು ಬಡಿಸುತ್ತದೆ. ತಂದೆಯವರ ಮೇಲಿನ ಕೋಣೆ ಚೆನ್ನಾಗಿ ಕೆಲಸ ಮಾಡುತ್ತಿರುವುದರಿಂದ ಡ್ಯುಯಲ್ ಹೆಚ್ಚು ಸಹಜ; ಏರು ಹತ್ತುವಾಗ ಅವರದೇ ಸೈನಸ್ ನೋಡ್ ವೇಗ ಹೆಚ್ಚಿಸಿದಂತೆ ಕೆಳಗಿನ ಬಡಿತವೂ ಏರುತ್ತದೆ. ಹಾಗೆಂದು ಹಣ ಹೊಂದದೆ ಸಿಂಗಲ್ ಹಾಕಿಸಿದವರು ಏನೋ ಕಳೆದುಕೊಂಡೆವೆಂದು ಕೊರಗಬೇಕಾಗಿಲ್ಲ. 70 ದಾಟಿದ, ಇಂಥದೇ ಬ್ಲಾಕ್ ಇದ್ದ 2021 ಜನರ ಮೇಲೆ ಬ್ರಿಟನ್ನಿನಲ್ಲಿ ನಡೆದು 2005ರಲ್ಲಿ ಪ್ರಕಟವಾದ ಯುಕೆಪೇಸ್ ಅಧ್ಯಯನದಲ್ಲಿ, ಎರಡೂ ಗುಂಪುಗಳ ಸಾವಿನ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಒಂದು ತಂತಿಯವರಲ್ಲಿ ಕೆಲವರಿಗೆ ಮೇಲಿನ ಮತ್ತು ಕೆಳಗಿನ ಕೋಣೆಗಳು ಎದುರುಬದುರಾಗಿ ಬಡಿದು ಕುತ್ತಿಗೆಯಲ್ಲಿ ಅದುರು, ಆಯಾಸ ಕಾಣಿಸಿಕೊಳ್ಳುವುದುಂಟು. ಡ್ಯುಯಲ್ ಪರವಾಗಿ ನಾನು ಹೇಳುವ ಮುಖ್ಯ ಕಾರಣ ಅದು.

ನನ್ನ ಅಧ್ಯಯನದ ಕ್ಷೇತ್ರಕ್ಕೆ ಸೇರಿದ, ಮತ್ತು ನನ್ನ ದೃಷ್ಟಿಯಲ್ಲಿ ಯಂತ್ರದ ಬೆಲೆಗಿಂತ ಮುಖ್ಯವಾದ ಸಂಗತಿ ಬೇರೆ: ಕೆಳಗಿನ ಕೋಣೆಯ ತಂತಿಯ ತುದಿ ಎಲ್ಲಿ ಕೂರುತ್ತದೆ ಎಂಬುದು. ಬಹುಕಾಲದಿಂದ ಅದನ್ನು ಬಲ ಹೃತ್ಕುಕ್ಷಿಯ ತುದಿಯಲ್ಲಿ ಕೂರಿಸುವುದು ರೂಢಿ. ಅಲ್ಲಿಂದ ಹೊರಟ ವಿದ್ಯುತ್ತು, ಹೆದ್ದಾರಿ ಬಿಟ್ಟು ಗದ್ದೆಯ ಬದುಗಳ ಮೇಲೆ ಹೊರಟ ಬಂಡಿಯಂತೆ, ಸ್ನಾಯುವಿನ ಕಣದಿಂದ ಕಣಕ್ಕೆ ನಿಧಾನವಾಗಿ ಸಾಗಿ ಎಡಭಾಗವನ್ನು ತಡವಾಗಿ ಮುಟ್ಟುತ್ತದೆ. ಎಡ ಮತ್ತು ಬಲ ಭಾಗಗಳು ಒಟ್ಟಿಗೆ ಸಂಕೋಚಗೊಳ್ಳುವುದಿಲ್ಲ. ಅಪರೂಪಕ್ಕೆ ಬಡಿತ ಬೇಕಾದವರಿಗೆ ಇದರಿಂದ ನಷ್ಟವಿಲ್ಲ. ಆದರೆ ಪೂರ್ಣ ಬ್ಲಾಕ್ ಇರುವವರಲ್ಲಿ ದಿನದ ಲಕ್ಷದಷ್ಟು ಬಡಿತಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಯಂತ್ರದಿಂದಲೇ ಬರುತ್ತವೆ. ಇಂಥವರಲ್ಲಿ ಕೆಲವರ ಹೃದಯ ವರ್ಷಗಳ ನಂತರ ಹಿಗ್ಗಿ ದುರ್ಬಲವಾಗುತ್ತದೆ. ಸೈನಸ್ ನೋಡ್ ಕಾಯಿಲೆಯವರ ಮೋಸ್ಟ್ ಎಂಬ ಅಧ್ಯಯನದ ಮಾಹಿತಿಯನ್ನು 2003ರಲ್ಲಿ ಮತ್ತೆ ಪರಿಶೀಲಿಸಿದಾಗ, ಡ್ಯುಯಲ್ ಚೇಂಬರ್ ಹಾಕಿಸಿದವರಲ್ಲಿ ಬಲ ಹೃತ್ಕುಕ್ಷಿಗೆ ಕೊಡುವ ಬಡಿತ ಶೇ 40 ದಾಟಿದರೆ ಹೃದಯ ವೈಫಲ್ಯದಿಂದ ಆಸ್ಪತ್ರೆ ಸೇರುವ ಸಂಭವ ಹೆಚ್ಚುವುದು ಕಂಡುಬಂತು. ಯಂತ್ರ ಹೆಚ್ಚು ದುಬಾರಿಯಾದಷ್ಟೂ ಹೃದಯಕ್ಕೆ ಒಳ್ಳೆಯದೆಂಬ ನಂಬಿಕೆಯನ್ನು ಅಲುಗಿಸಿದ ಫಲಿತಾಂಶ ಅದು.

ಆಗ ಹುಟ್ಟಿದ ಪ್ರಶ್ನೆ, ತಂತಿಯನ್ನು ಸಹಜ ಮಾರ್ಗಕ್ಕೇ ಏಕೆ ಜೋಡಿಸಬಾರದು ಎಂಬುದು. ಪ್ರಮೋದ್ ದೇಶಮುಖ್ ಮತ್ತು ಸಂಗಡಿಗರು ಹಿಸ್ ಬಂಡಲ್‌ಗೇ ಬಡಿತ ಕೊಡುವ ಶಾಶ್ವತ ವಿಧಾನವನ್ನು 2000ದಲ್ಲಿ ಪ್ರಕಟಿಸಿದರು. ಚೀನಾದ ವೆಯ್‌ಜಿಯನ್ ಹ್ವಾಂಗ್ ಅವರ ತಂಡ 2017ರಲ್ಲಿ, ತಂತಿಯನ್ನು ಕೆಳಗಿನ ಎರಡು ಕೋಣೆಗಳ ನಡುವಣ ಗೋಡೆಯೊಳಕ್ಕೆ ತಿರುಪಿ, ಹಿಸ್ ಬಂಡಲ್‌ನಿಂದ ಎಡ ಹೃತ್ಕುಕ್ಷಿಗೆ ಹೋಗುವ ಎಡ ಕವಲಿನ ಹತ್ತಿರ ನಿಲ್ಲಿಸುವ ವಿಧಾನವನ್ನು ತೋರಿಸಿಕೊಟ್ಟಿತು. ಹಿಸ್ ಬಂಡಲ್ ಕಿರಿದು, ಹುಡುಕುವುದು ಕಷ್ಟ, ಬಡಿತಕ್ಕೆ ಬೇಕಾಗುವ ವೋಲ್ಟೇಜ್ ಕಾಲಕ್ರಮೇಣ ಏರಿ ಬ್ಯಾಟರಿ ಬೇಗ ಸೋಲಬಹುದು. ಎಡ ಕವಲಿನ ವಿಧಾನದಲ್ಲಿ ಈ ತೊಡಕುಗಳು ಕಡಿಮೆ. ಇದಕ್ಕೆ ಬಹುಪಾಲು ಮಾಮೂಲಿ ಪೇಸ್‌ಮೇಕರ್ ಸಾಕು. ಬೇಕಾಗಿರುವುದು ಪಳಗಿದ ಕೈ. ನೀವು ವೈದ್ಯರನ್ನು ಕೇಳಬೇಕಾದ ಪ್ರಶ್ನೆ ಇದು: ಎಕೋದಲ್ಲಿ (ಹೃದಯದ ಅಲ್ಟ್ರಾಸೌಂಡ್ ಪರೀಕ್ಷೆಯಲ್ಲಿ) ಅಪ್ಪನ ಹೃದಯದ ಪಂಪಿಂಗ್ ಎಷ್ಟಿದೆ, ತಂತಿಯನ್ನು ಎಡ ಕವಲಿನ ಬಳಿ ಕೂರಿಸುವ ಅಭ್ಯಾಸ ನಿಮ್ಮಲ್ಲಿದೆಯೇ? ಪಂಪಿಂಗ್ ಶೇ 50ಕ್ಕಿಂತ ಕಡಿಮೆ ಇದ್ದರೆ ಈ ಪ್ರಶ್ನೆಗೆ ಹೆಚ್ಚಿನ ತೂಕವಿದೆ. ಸರಿಯಾಗಿದ್ದು, ಆ ವಿಧಾನ ಅಲ್ಲಿ ಲಭ್ಯವಿಲ್ಲದಿದ್ದರೆ, ಅದಕ್ಕಾಗಿ ಊರೂರು ಅಲೆದು ತಡಮಾಡುವುದಕ್ಕಿಂತ ಮಾಮೂಲಿ ಜಾಗದಲ್ಲೇ ಹಾಕಿಸಿಕೊಂಡು ವರ್ಷಕ್ಕೊಮ್ಮೆ ಎಕೋ ಮಾಡಿಸುವುದೇ ಜಾಣತನ.

ತಂತಿಯಿಲ್ಲದ ಪೇಸ್‌ಮೇಕರ್ ನಿಜ. ಅಮೆರಿಕದಲ್ಲಿ 2016ರಲ್ಲಿ ಅನುಮತಿ ಪಡೆದ ಮೈಕ್ರಾ ಎಂಬುದು ಒಂದು ದೊಡ್ಡ ಕ್ಯಾಪ್ಸೂಲ್‌ನ ಗಾತ್ರದ್ದು, ಎರಡು ಗ್ರಾಂ ತೂಗುತ್ತದೆ. ತೊಡೆಯ ರಕ್ತನಾಳದಿಂದ ಒಯ್ದು ಬಲ ಹೃತ್ಕುಕ್ಷಿಯೊಳಗೇ ಸಿಕ್ಕಿಸುತ್ತಾರೆ. ಡಯಾಲಿಸಿಸ್‌ನಲ್ಲಿರುವವರಿಗೆ, ಹಿಂದೆ ಹಾಕಿದ ಯಂತ್ರಕ್ಕೆ ಸೋಂಕು ತಗಲಿದವರಿಗೆ ಅದು ವರದಾನ. ಆದರೆ ಅದೂ ಬಡಿತ ಕೊಡುವುದು ಬಲ ಹೃತ್ಕುಕ್ಷಿಯಿಂದಲೇ, ಬೆಲೆಯೋ ಹಲವು ಪಟ್ಟು. ನಿಮ್ಮ ತಂದೆಯವರಿಗೆ ನಾನು ಅದನ್ನು ಸೂಚಿಸುವುದಿಲ್ಲ.

ಶಸ್ತ್ರಕ್ರಿಯೆ ಎಂಬ ಮಾತಿಗೆ ಎದೆ ತೆರೆಯುವ ಚಿತ್ರ ಮನಸ್ಸಿಗೆ ಬರುತ್ತದೆ. ಹಾಗಿಲ್ಲ. ಕೊರಳೆಲುಬಿನ ಕೆಳಗೆ ಆ ಜಾಗವನ್ನಷ್ಟೇ ಮರಗಟ್ಟಿಸಿ, ನಾಲ್ಕೈದು ಸೆಂಟಿಮೀಟರ್ ಕೊಯ್ದು, ಅಲ್ಲಿನ ರಕ್ತನಾಳದ ಮೂಲಕ ತಂತಿಗಳನ್ನು ಎಕ್ಸ್‌ರೇ ಪರದೆಯಲ್ಲಿ ನೋಡುತ್ತ ಹೃದಯಕ್ಕೆ ಇಳಿಸುತ್ತಾರೆ. ರೋಗಿ ಮಾತಾಡುತ್ತಲೇ ಇರುತ್ತಾನೆ. ಸಾಮಾನ್ಯವಾಗಿ ಎಡಗಡೆ ಹಾಕುತ್ತಾರೆ. ತಂದೆಯವರು ಎಡಗೈ ಬಳಸುವವರಾದರೆ ಮೊದಲೇ ಹೇಳಿ. ತಂತಿ ಕದಲುವುದು, ಶ್ವಾಸಕೋಶದ ಸುತ್ತ ಗಾಳಿ ಸೇರುವುದು, ಸೋಂಕು ಇವು ನೂರರಲ್ಲಿ ಕೆಲವರಿಗಷ್ಟೇ ಆಗುವ ತೊಡಕುಗಳು, ಆದರೆ ಸೋಂಕನ್ನು ಹಗುರವಾಗಿ ನೋಡಬೇಡಿ. ಮಳೆಗಾಲದ ತೇವದಲ್ಲಿ ಗಾಯವನ್ನು ಒಣಗಿಸಿಟ್ಟುಕೊಳ್ಳುವುದೇ ದೊಡ್ಡ ಕೆಲಸ. ತಿಂಗಳುಗಳ ನಂತರವಾದರೂ ಆ ಜಾಗ ಕೆಂಪೇರಿದರೆ, ಊದಿಕೊಂಡರೆ, ಊರಿನಲ್ಲಿ ಸೂಜಿ ಹಾಕಿ ಕೀವು ತೆಗೆಸದೆ ನೇರವಾಗಿ ಹಾಕಿದ ಆಸ್ಪತ್ರೆಗೇ ಹೋಗಿ.

ನಾಲ್ಕರಿಂದ ಆರು ವಾರ ಆ ಕೈಯನ್ನು ಭುಜಕ್ಕಿಂತ ಮೇಲೆತ್ತಬಾರದು, ಭಾರ ಎತ್ತಬಾರದು, ಬಲೆ ಎಳೆಯಬಾರದು. ಇದನ್ನು ಕೇಳಿ ಕೈಯನ್ನು ಮೂರು ತಿಂಗಳು ಎದೆಗೆ ಕಟ್ಟಿಕೊಂಡು ಕುಳಿತು, ಭುಜವೇ ಬಿಗಿದುಹೋಗಿ ಬರುವವರೂ ಇದ್ದಾರೆ. ಮೊಣಕೈ, ಭುಜವನ್ನು ಕೆಳಮಟ್ಟದಲ್ಲಿ ಮೊದಲ ದಿನದಿಂದಲೇ ಆಡಿಸುತ್ತಿರಬೇಕು. ಗಾಯ ಮಾಗಿದ ಮೇಲೆ ದೋಣಿಗೆ ಹೋಗಬಹುದು, ಆದರೆ ಮೊದಲ ತಪಾಸಣೆ ಮುಗಿದು ವೈದ್ಯರು ಒಪ್ಪಿದ ನಂತರ, ಜೊತೆಗೊಬ್ಬರನ್ನು ಕರೆದುಕೊಂಡು. ಔಟ್‌ಬೋರ್ಡ್ ಎಂಜಿನ್ ಚಾಲೂ ಇರುವಾಗ ಅದರ ಸ್ಪಾರ್ಕ್ ಪ್ಲಗ್, ಕಾಯಿಲ್ ಇರುವ ಭಾಗಕ್ಕೆ ಎದೆಯನ್ನು ಒಂದು ಅಡಿಗಿಂತ ಹತ್ತಿರ ತಾರದಿದ್ದರೆ ಸಾಕು. ಪೆಟ್ರೋಲ್‌ನಲ್ಲಿ ಓಡುವ ಕಳೆ ಕೊಚ್ಚುವ ಯಂತ್ರಕ್ಕೂ ಇದೇ ಮಾತು. ಅದರ ಹೆಗಲ ಪಟ್ಟಿ ಪೇಸ್‌ಮೇಕರ್ ಮೇಲೆ ಉಜ್ಜದಂತೆ ಇನ್ನೊಂದು ಹೆಗಲಿಗೆ ಹಾಕಿಕೊಳ್ಳಲಿ. ಪಂಪ್‌ಸೆಟ್ ಬಳಸಬಹುದು, ಅರ್ಥಿಂಗ್ ಸರಿಯಿರಬೇಕು. ಯಂತ್ರ ಇಲ್ಲದವರಿಗೂ ಅದು ಬೇಕಾದದ್ದೇ. ಮಿಕ್ಸರ್, ಫ್ರಿಜ್, ಟಿವಿ ಯಾವುದೂ ತೊಂದರೆಯಲ್ಲ. ಮೊಬೈಲ್ ಅನ್ನು ಅಂಗಿಯ ಎಡಜೇಬಿನಲ್ಲಿ ಇಡದೆ ಬಲಗಿವಿಗೆ ಹಿಡಿದು ಮಾತಾಡಲಿ. ಅರ್ಧ ಅಡಿ ಅಂತರ ಸಾಕು. ಇಂಡಕ್ಷನ್ ಒಲೆಯಿಂದ ಎರಡಡಿ ದೂರವಿರಲಿ. ದೋಣಿ ದುರಸ್ತಿಯ ಕಡೆ ವೆಲ್ಡಿಂಗ್ ಕೆಲಸವನ್ನು ಬೇರೆಯವರಿಗೆ ಬಿಡುವುದು ಒಳ್ಳೆಯದು. ಭುಜ ನೋವಿಗೆಂದು ಫಿಸಿಯೋಥೆರಪಿಗೆ ಹೋದರೆ ಶಾರ್ಟ್‌ವೇವ್ ಡಯಾಥರ್ಮಿ (ವಿದ್ಯುತ್ಕಾಂತೀಯ ಅಲೆಗಳಿಂದ ಶಾಖ ಕೊಡುವ ಚಿಕಿತ್ಸೆ) ಮಾಡಿಸಲೇಬಾರದು. ಎಂಆರ್‌ಐ ಬೇಕಾದೀತೆಂಬ ಯೋಚನೆಯಿದ್ದರೆ ಎಂಆರ್‌ಐಗೆ ಹೊಂದುವ ಯಂತ್ರ ಮತ್ತು ತಂತಿ ಎರಡನ್ನೂ ಕೇಳಿ ಹಾಕಿಸಿ. ಒಂದು ಹೊಂದಿ ಇನ್ನೊಂದು ಹೊಂದದಿದ್ದರೆ ಉಪಯೋಗವಿಲ್ಲ.

ನೀವು ಕೇಳಿಲ್ಲ, ಆದರೆ ಹಿರಿಯರು ಮನಸ್ಸಿನಲ್ಲೇ ಇಟ್ಟುಕೊಳ್ಳುವ ಒಂದು ಅಂಜಿಕೆ ಇದೆ: ಯಂತ್ರ ಇದ್ದರೆ ಕೊನೆಗಾಲದಲ್ಲಿ ಜೀವ ಹೋಗದೆ ನರಳಬೇಕಾಗುತ್ತದೆಯೇ ಎಂದು. ಇಲ್ಲ. ಪೇಸ್‌ಮೇಕರ್ ಸಂಕೇತ ಕೊಡುತ್ತದೆ ಅಷ್ಟೇ. ಸ್ಪಂದಿಸುವ ಶಕ್ತಿ ಸ್ನಾಯುವಿನಲ್ಲಿ ಉಳಿಯದಿದ್ದರೆ ಸಂಕೇತ ವ್ಯರ್ಥವಾಗುತ್ತದೆ. ದಹನ ಮಾಡುವ ಮನೆತನದವರು ಮಾತ್ರ, ಬ್ಯಾಟರಿ ಬೆಂಕಿಯಲ್ಲಿ ಸಿಡಿಯುವುದರಿಂದ ಅದಕ್ಕೆ ಮೊದಲು ವೈದ್ಯರಿಂದ ಯಂತ್ರವನ್ನು ತೆಗೆಸಬೇಕು.

ಹಣದ ಬಗ್ಗೆ: ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ, ಪೇಸ್‌ಮೇಕರ್ ಅದರಲ್ಲಿ ಸೇರಿದೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30. ಹೊರರಾಜ್ಯದ ಆಸ್ಪತ್ರೆಯಾದರೆ ಅಲ್ಲಿ ಯಾವ ಕಾರ್ಡ್ ನಡೆಯುತ್ತದೆಂದು ಹೊರಡುವ ಮೊದಲೇ ವಿಚಾರಿಸಿ. ಇನ್ನೊಂದು ವಿಚಾರವನ್ನು ನಮ್ಮ ಜಿಲ್ಲೆಯವರು ಮೊದಲೇ ಕೇಳಿಕೊಳ್ಳಬೇಕು. ಪೇಸ್‌ಮೇಕರ್‌ನ ಬ್ಯಾಟರಿ, ತಂತಿಗಳ ಸ್ಥಿತಿ ನೋಡುವ ಪ್ರೋಗ್ರಾಮರ್ ಎಂಬ ಉಪಕರಣ ಕಂಪನಿಗೊಂದರಂತೆ ಬೇರೆ ಬೇರೆ. ಒಂದು ಕಂಪನಿಯದು ಇನ್ನೊಂದರ ಯಂತ್ರವನ್ನು ಓದುವುದಿಲ್ಲ. ಆದ್ದರಿಂದ ಹಾಕುವ ಮುನ್ನವೇ, ಈ ಕಂಪನಿಯ ಯಂತ್ರವನ್ನು ನಮಗೆ ಹತ್ತಿರದಲ್ಲಿ ಎಲ್ಲಿ, ಯಾವ ವಾರ ಪರೀಕ್ಷಿಸುತ್ತಾರೆ ಎಂದು ಕೇಳಿ ಬರೆದಿಟ್ಟುಕೊಳ್ಳಿ. ಮೊದಲ ತಪಾಸಣೆ ಒಂದೂವರೆ ತಿಂಗಳಿಗೆ, ಎರಡನೆಯದು ಮೂರು ತಿಂಗಳಿಗೆ, ಆಮೇಲೆ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ. ವರ್ಷದ ತಪಾಸಣೆಯನ್ನು ಮೇ ತಿಂಗಳೊಳಗೆ ಮುಗಿಸುವಂತೆ ಹೊಂದಿಸಿಕೊಂಡರೆ ಮಳೆಯಲ್ಲಿ ರಸ್ತೆಯ ಚಿಂತೆ ಇರುವುದಿಲ್ಲ. ಯಂತ್ರದ ಜತೆ ಕೊಡುವ ಕಾರ್ಡ್‌ನ ಫೋಟೊ ಮನೆಯ ಎಲ್ಲರ ಮೊಬೈಲ್‌ನಲ್ಲಿರಲಿ, ಅಟೆನೊಲಾಲ್ ಬದಲು ಬಿಪಿಗೆ ಯಾವ ಮಾತ್ರೆ ಎಂಬುದನ್ನು ಬಿಡುಗಡೆಯ ದಿನವೇ ಬರೆಸಿಕೊಂಡು ಬನ್ನಿ.